ಅತ್ತೆಯ ಲೈಟಿಗೆ ಮೂರು ಕರಿ ವೈರು

ನಮ್ಮ ಮನೆಯಲ್ಲಿ ಯಾವ ಸಣ್ಣ ಕೆಲಸವೂ ಸಣ್ಣದಾಗಿ ಮುಗಿಯುವುದಿಲ್ಲ. ಒಂದು ಮೊಳೆ ಹೊಡೆಯಲು ಹೋದರೆ ಗೋಡೆಯ ಗಾರೆ ಉದುರುತ್ತದೆ, ಗಾರೆ ಮೆತ್ತಲು ಹೋದರೆ ಗಂಡ ಹೆಂಡಿರಿಗೆ ಮಾತು ಬೆಳೆಯುತ್ತದೆ. ಈ ಸಲದ್ದು ನಡುಮನೆಯ ಲೈಟು.

ನಮ್ಮದು ತುರುವೇಕೆರೆ ಪಕ್ಕದ ಹಳ್ಳಿ. ನಡುಮನೆಯ ಮೇಲೆ ಅಟ್ಟ, ಅಟ್ಟದ ತುಂಬ ಕೊಬ್ಬರಿಗೆ ಬಿಟ್ಟ ಕಾಯಿ. ಕೆಳಗೆ ಹಗಲಲ್ಲೂ ಬೆಳಕು ಕಡಿಮೆ. ಅಲ್ಲೇ ಕಂಬ ಒರಗಿ ನಮ್ಮತ್ತೆ ಕೂರುವುದು. ಎಷ್ಟೋ ವರ್ಷದಿಂದ ಅವರ ಕಣ್ಣಿಗೆ ಪೊರೆ ಬಂದು, ನಮ್ಮನ್ನೆಲ್ಲ ದನಿಯಿಂದಲೇ ಗುರುತು ಹಿಡಿಯುತ್ತಿದ್ದರು. ಕೊನೆಗೂ ತಿಪಟೂರಿನಲ್ಲಿ ಆಪರೇಷನ್ ಆಯಿತು. ಸೋಮವಾರದವರೆಗೆ ಕಪ್ಪು ಕನ್ನಡಕ ತೆಗೆಯಬಾರದು ಅಂದರು ಡಾಕ್ಟರು. ವಾಪಸ್ ಬರುವಾಗ ಬಸ್ಸಿನಲ್ಲಿ ಅತ್ತೆ ನನ್ನ ಕೈ ಹಿಡಿದುಕೊಂಡು, “ಕನ್ನಡ್ಕ ತೆಗ್ದ ತಕ್ಷಣ ನಿಮ್ಮ ಮೊಖ ನೋಡ್ಬೇಕು ಕಣೇ. ಆ ಮಂಕು ಬಲ್ಬಲ್ಲಲ್ಲ, ಒಳ್ಳೆ ಬೆಳಕಲ್ಲಿ” ಅಂದರು.

ಅವರು ನನ್ನನ್ನು ಬಾಯಿಬಿಟ್ಟು ಏನನ್ನೂ ಕೇಳಿದವರಲ್ಲ. ತುರುವೇಕೆರೆಯಲ್ಲಿ ಬಸ್ಸಿಳಿದವಳೇ ಸೀದಾ ಅಂಗಡಿಗೆ ಹೋಗಿ, ಗಾಜಿನ ಹೂವಿನ ದೊಡ್ಡ ಲೈಟೊಂದನ್ನು ತಂದೆ.

ಮೂರನೇದು ಯಾರು?

“ಎಲೆಕ್ಟ್ರಿಷಿಯನ್ನನ್ನ ಕರೀರಿ” ಅಂದೆ.

“ಬೋರಿನ ಸ್ಟಾರ್ಟರ್ ರಿಪೇರಿ ಮಾಡೋನು ನಾನು. ಒಂದು ಲೈಟಿಗೆ ಎಲೆಕ್ಟ್ರಿಷಿಯನ್ನಾ?” ಅಂದರು ನಮ್ಮನೆಯವರು. ಮೇನ್ ಆಫ್ ಮಾಡಿ ಸ್ಟೂಲ್ ಹತ್ತಿದರು. ಹಳೆಯ ಹೋಲ್ಡರಿಗೆ ಕೈ ಹಾಕಿದ್ದೇ ತಡ, ಅದು ಹಪ್ಪಳದ ಹಾಗೆ ಪುಡಿಯಾಯಿತು. ಯಾವುದು ಎಲ್ಲಿತ್ತು ಅಂತ ನೋಡುವ ಮೊದಲೇ ಮೂರು ವೈರು ಕೆಳಗೆ ಜೋತುಬಿದ್ದವು. ಮೂರೂ ಕರಿ.

“ಲೈಟಿಗೆ ಎರಡು ಸಾಕು. ಈ ಮೂರನೇದು ಯಾರು?” ಅಂದರು ಇವರು, ಪಂಕ್ತಿಯಲ್ಲಿ ಕರೆಯದ ನೆಂಟನನ್ನು ಕಂಡವರ ಹಾಗೆ.

ಕಂಬದ ಬುಡದಿಂದ ಅತ್ತೆ ಹೇಳಿದರು: “ಬಣ್ಣಬಣ್ಣದ ವೈರ್ ತನ್ನಿ ಅಂತ ಕೆಲಸದೋರು ಬಡ್ಕಂಡ್ರು. ನಿಮ್ಮಪ್ಪ ಕೇಳ್ಬೇಕಲ್ಲ. ಒಳಗೋಗೋ ಕರೆಂಟಿಗೆ ಬಣ್ಣ ಐತಾ ಅಂತ ಎಲ್ಲಾ ಕರೀದೇ ತಂದ್ರು.”

ಇವರು ಸ್ಟೂಲಿನ ಮೇಲಿಂದಲೇ ಗೋಡೆಯ ಫೋಟೋದಲ್ಲಿದ್ದ ಮಾವನನ್ನು ದುರುಗುಟ್ಟಿ ನೋಡಿದರು. ಮಾವ ನಗುತ್ತಲೇ ಇದ್ದರು.

ಟೆಸ್ಟರಿನ ತೀರ್ಪು

ಸ್ವಿಚ್ಚು ಹಾಕಿಸಿದರು, ಮೇನ್ ಹಾಕಿಸಿದರು, ಟೆಸ್ಟರ್ ಹಿಡಿದು ಮತ್ತೆ ಸ್ಟೂಲ್ ಹತ್ತಿದರು. ಮೊದಲ ವೈರಿಗೆ ಮುಟ್ಟಿಸಿದರು, ಉರಿಯಲಿಲ್ಲ. ಎರಡನೆಯದೂ ಇಲ್ಲ, ಮೂರನೆಯದೂ ಇಲ್ಲ.

“ಮೂರೂ ಸತ್ತೋಗವೆ ಕಣೇ. ಗೋಡೆ ಒಡೀಬೇಕು” ಅಂದವರೇ ಸುತ್ತಿಗೆ ಹುಡುಕಲು ಹೊರಟರು. ಸೋಮವಾರಕ್ಕೆ ಮೂರು ದಿನ ಇದೆ, ಈ ಮಹಾರಾಯರು ಗೋಡೆ ಒಡೆದರೆ ಯುಗಾದಿಗೂ ಲೈಟ್ ಹತ್ತುವುದಿಲ್ಲ.

“ಲೋ, ತಡಿಯಪ್ಪ” ಅಂದರು ಅತ್ತೆ. “ಆಚೆ ಬೀದಿ ಹಿಟ್ಟಿನ ಗಿರಣಿ ಆಗ್ಲೇ ನಿಂತೋಯ್ತು. ಕರೆಂಟೇ ಇಲ್ಲ ಕಣ್ಲಾ.”

ಕಣ್ಣು ಕಾಣುವ ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು.

ಅಟ್ಟದಲ್ಲಿ ನಾನು

ಕರೆಂಟ್ ಬರುವವರೆಗೆ ಸುಮ್ಮನೆ ಕೂರುವ ಪೈಕಿಯಲ್ಲ ಇವರು. “ನೀನು ಅಟ್ಟ ಹತ್ತು. ನಾನಿಲ್ಲಿಂದ ಒಂದೊಂದೇ ವೈರ್ ಎಳೀತೀನಿ, ಯಾವ್ದು ಎಲ್ಲಿಗೆ ಹೋಗೈತೆ ನೋಡು” ಅಂದರು. ಸೀರೆ ಎತ್ತಿ ಕಟ್ಟಿ ಏಣಿ ಹತ್ತಿದೆ. ವೈರಿರುವುದು ಕಾಯಿ ರಾಶಿಯ ಅಡಿಯಲ್ಲಿ. ಒಂದು ಕಾಯಿ ಈ ಕಡೆ ಇಟ್ಟರೆ ಎರಡು ಆ ಕಡೆಯಿಂದ ಉರುಳುತ್ತವೆ.

“ಅಲ್ಲಾಡ್ತಾ?” ಅಂತ ಕೆಳಗಿಂದ ಇವರು.

“ಎಲ್ಲಾ ಅಲ್ಲಾಡ್ತಾ ಐತೆ ರೀ, ನಾನೂ ಸೇರಿ!” ಅಂತ ಮೇಲಿಂದ ನಾನು.

ಅಷ್ಟರಲ್ಲಿ ಅತ್ತೆ ಕೂಗಿದರು. “ಆ ಮೂಲೇದು ಮುಟ್ಬ್ಯಾಡ ಕಣೇ! ಇನ್ನೂ ನೀರೈತೆ. ಬಾಗ್ಲ ಕಡೇದು ಗುಡುಗುಡು ಅಂತಾವೆ, ಅವು ಕೊಬ್ಬರಿ ಆಗವೆ, ಅವನ್ನ ಸರ್ಸು.” ಎತ್ತಿ ಅಲ್ಲಾಡಿಸಿ ನೋಡಿದೆ, ಅವರು ಹೇಳಿದ ಹಾಗೇ ಇತ್ತು. ವೈರು ಮಾತ್ರ ಗೋಡೆಯೊಳಗೆ ನುಗ್ಗಿ ಮಾಯವಾಗಿತ್ತು.

ಮೈಯೆಲ್ಲ ಧೂಳಾಗಿ ಇಳಿದು ಬಂದರೆ ಅತ್ತೆ ಮಗನಿಗೆ ಹೇಳುತ್ತಿದ್ದರು: “ಅಟ್ಟದ ಕಾಯೆಲ್ಲ ನಾನು ಕೂತಲ್ಲೇ ಗುರುತು ಹಿಡೀತೀನಿ. ನಿನಗೆ ಮೂರು ವೈರ್ ಆಗ್ತಿಲ್ವಲ್ಲಾ.”

ಶುಕ್ರವಾರದ ಕುಂಕುಮ

ಸಂಜೆ ಕರೆಂಟ್ ಬಂತು. ಟೆಸ್ಟರ್ ಎರಡು ವೈರಿಗೆ ಉರಿಯಿತು, ಒಂದಕ್ಕೆ ಉರಿಯಲಿಲ್ಲ. ಇವರು ಗೆದ್ದವರ ಹಾಗೆ ಮೇನ್ ಆಫ್ ಮಾಡಿಸಿದರು. “ಗುರುತು ಹಾಕೋಕೆ ಏನಾದ್ರೂ ಕೊಡೇ” ಅಂದರು. ದೇವರ ಗೂಡಿನಿಂದ ಕುಂಕುಮ ತಂದು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಕೊಟ್ಟೆ. ಕರೆಂಟಿರುವ ಎರಡಕ್ಕೆ ಒಂದೊಂದು ಬೊಟ್ಟಿಟ್ಟು, ಕೈ ತೊಳೆಯಲು ಹಿತ್ತಲಿಗೆ ಹೋದರು.

ಅತ್ತೆ ಮೆಲ್ಲಗೆ ಕೇಳಿದರು, “ಮೂರನೇದಕ್ಕೆ ಇಟ್ನಾ?”

“ಇಲ್ಲ ಅತ್ತೆ. ಅದರಲ್ಲಿ ಕರೆಂಟಿಲ್ವಂತೆ.”

“ಶುಕ್ರವಾರ ದೀಪ ಹಚ್ಚೋ ಹೊತ್ನಲ್ಲಿ ಇಬ್ರಿಗಿಟ್ಟು ಒಬ್ರನ್ನ ಬರೀ ಹಣೇಲಿ ಬಿಡ್ತಾರೇನೇ? ಕರೆಂಟಿಲ್ದಿದ್ರೆ ಪಾಪ ಅದರ ತಪ್ಪಾ? ಇಡು.”

ಹೌದಲ್ಲವೇ ಅನ್ನಿಸಿತು. ಸ್ಟೂಲ್ ಹತ್ತಿ ಇಟ್ಟೆ, ಚೆನ್ನಾಗಿ ದುಂಡಗೆ.

ಇವರು ಟವೆಲ್ಲಿನಲ್ಲಿ ಕೈ ಒರೆಸುತ್ತ ಬಂದು ಮೇಲೆ ನೋಡಿದರು. ಮೂರೂ ಮುತ್ತೈದೆಯರು. ಅದೇ ಗಳಿಗೆಗೆ ಹೊರಗೆ ಬೀದಿ ದೀಪವೂ ಆರಿ, ಮತ್ತೆ ಕರೆಂಟ್ ಹೋಯಿತು.

“ಮೂರಕ್ಕೂ ಒಳ್ಳೇದಾಗ್ಲಿ ಬುಡು” ಅಂದರು ಅತ್ತೆ.

ಕನ್ನಡಕ ತೆಗೆದ ಸಂಜೆ

ಕರೆಂಟ್ ನೆಟ್ಟಗೆ ಬಂದು ನಿಂತಿದ್ದು ಸೋಮವಾರ ಸಂಜೆಯೇ, ಇವರು ಮತ್ತೆ ಟೆಸ್ಟರ್ ಹಿಡಿದರು. ಉರಿಯದ ವೈರು ಒಂದು, ಉರಿಯುವ ಎರಡರಲ್ಲಿ ಮೊದಲು ಕೈಗೆ ಸಿಕ್ಕಿದ್ದು ಒಂದು, ಅವೆರಡನ್ನು ಮೇನ್ ಆಫ್ ಮಾಡಿ ಲೈಟಿಗೆ ಸೇರಿಸಿದರು. ಉಳಿದಿದ್ದಕ್ಕೆ ಟೇಪು ಸುತ್ತಿ ಮೇಲೆ ತುರುಕಿದರು. ನಾನು ದೇವರಿಗೆ ಕೈಮುಗಿದು ಮೇನ್ ಹಾಕಿದೆ. ನಡುಮನೆ ಝಗ್ಗೆಂದಿತು.

“ಹತ್ತಲಿಲ್ವೇನೇ?” ಅಂದರು ಅತ್ತೆ.

ಇವರ ಮುಖ ಬಾಡಿಹೋಯಿತು. ಆಮೇಲೆ ನೋಡಿದರೆ ಅತ್ತೆ ಇನ್ನೂ ಕಪ್ಪು ಕನ್ನಡಕ ಹಾಕಿಕೊಂಡೇ ಕೂತಿದ್ದಾರೆ!

ನಾನೇ ಮೆಲ್ಲಗೆ ತೆಗೆದೆ. ಅತ್ತೆ ಕಣ್ಣು ಕಿರಿದು ಮಾಡಿ ಮೊದಲು ಮೇಲೆ ನೋಡಿದರು. “ಜೇಡರ ಬಲೆ ಏನಮ್ಮ ಈಪಾಟಿ!” ಅಂದರು. ಈ ಲೈಟು ಯಾಕಾದರೂ ತಂದೆನೋ ಅನ್ನಿಸಿತು. ಆಮೇಲೆ ಮಗನನ್ನು ನೋಡಿದರು. “ತಲೇಲಿದ್ದ ಕೂದ್ಲೆಲ್ಲ ಎಲ್ಲೋದ್ವೋ?” ಇವರು ನೆತ್ತಿ ಸವರಿಕೊಂಡರು.

ಕೊನೆಗೆ ನನ್ನ ಸರದಿ. ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿಕೊಂಡು ಬಹಳ ಹೊತ್ತು ನೋಡಿದರು. “ಕೂದ್ಲೆಲ್ಲ ಬೆಳ್ಳಗಾಗೈತಲ್ಲೇ. ನಂಗ್ಯಾರೂ ಹೇಳ್ಲೇ ಇಲ್ಲ. ನನ್ನ ಕೈ ಹಿಡ್ಕಂಡು ಓಡಾಡಿಸ್ತಾ ನೀನೂ ಮುದ್ಕಿ ಆಗ್ಬುಟ್ಟೆ” ಅಂದರು. ನನಗೆ ಅಳು ತಡೆಯಲಾಗಲಿಲ್ಲ. ಅವರ ಕಣ್ಣೂ ತುಂಬಿತು.

“ಅಳಬೇಡಿ ಅತ್ತೆ, ಆಪರೇಷನ್ ಆಗಿರೋ ಕಣ್ಣು” ಅಂದೆ.

“ಹಂಗಾರೆ ಆ ಲೈಟ್ ಆರ್ಸ್ಲಾ” ಅಂದರು ಮಗನಿಗೆ. “ಕತ್ಲಲ್ಲಿ ನನ್ನ ಸೊಸೆ ಇನ್ನೂ ಹುಡುಗೀನೇ ಆಗಿದ್ಲು.”

ಇವರು ಹೋಗಿ ಸ್ವಿಚ್ಚು ಒತ್ತಿದರು. ಲೈಟ್ ಆರಲಿಲ್ಲ. ಮತ್ತೆ ಒತ್ತಿದರು, ಆರಲಿಲ್ಲ. ಟಕ್ ಟಕ್ ಟಕ್ ಅನ್ನಿಸಿದರೂ ಗಾಜಿನ ಹೂವು ಉರಿಯುತ್ತಲೇ ಇತ್ತು. ಮಾವ ಯಾವ ಕಾಲದಲ್ಲೋ ಮೇನಿನಿಂದ ನೇರ ಎಳೆಸಿದ್ದ, ಸ್ವಿಚ್ಚಿನ ಮುಖವನ್ನೇ ಕಾಣದ ಆ ಕರೆಯದ ನೆಂಟನನ್ನೇ ಇವರು ಲೈಟಿಗೆ ಸೇರಿಸಿದ್ದರು.

ಅತ್ತೆ ಅಳುತ್ತಲೇ ನಗಲು ಶುರುಮಾಡಿದರು. ನನ್ನ ಗಲ್ಲ ಬಿಟ್ಟಿರಲಿಲ್ಲ.

“ಉರೀಲಿ ಬುಡ್ಲಾ” ಅಂದರು. “ನೋಡಿ ನೋಡಿ ರೂಢಿ ಮಾಡ್ಕತೀನಿ.”