ಕಾಂಪೌಂಡಿನಲ್ಲಿ ಜಟಕಾ

ಸೀನು ಬಂದರೂ ಲೆಕ್ಕ ಹಾಕಿಯೇ ಸೀನುವವರು ನಮ್ಮ ಚಿಕ್ಕಪ್ಪ ಎಂದರೆ ನೀವು ನಗುತ್ತೀರಿ. ನಗಿ! ಜಯನಗರದ ಆ ಮನೆಯಲ್ಲಿ ಅವರ ಜೊತೆ ಇದ್ದು ಕಾಲೇಜು ಓದಿದವನು ನಾನು, ನೀವಲ್ಲವಲ್ಲ!

ಅವರ ಕೆಲಸವೇ ಅಂಥದ್ದು. ಕಾರ್ಖಾನೆಯೊಂದರಲ್ಲಿ, ತೂತು ಹೊಡೆದ ಕಾರ್ಡುಗಳನ್ನು ನುಂಗುವ ಹೊಸ ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವುದು. ಒಮ್ಮೆ ಸಾಹೇಬರು ಯಾವುದೋ ಪಟ್ಟಿ ಕೇಳಿದರಂತೆ.

"ಸಾರ್, ಇದನ್ನ ಮೆಷಿನ್ನಿಗೆ ಹೇಳ್ಕೊಡೋಕೆ ಮೂರು ದಿನ. ಕೈಯಲ್ಲಿ ಬರೆದ್ರೆ ಒಂದು ಮಧ್ಯಾಹ್ನ. ಮತ್ತೆ ಯಾವಾಗ್ಲಾದ್ರೂ ಬೇಕಾಗತ್ತಾ?"

"ಇಲ್ಲಪ್ಪ."

"ಹಾಗಾದ್ರೆ ಪೆನ್ಸಿಲ್ ಕೊಡಿ!"

ಕೋಣೆ ತುಂಬ ಇದ್ದ ಯಂತ್ರ ಸುಮ್ಮನೆ ಗುಂಯ್‌ಗುಟ್ಟುತ್ತಿತ್ತು, ಪಕ್ಕದಲ್ಲಿ ಕೂತು ಇವರು ಪೆನ್ಸಿಲಿನಲ್ಲಿ ಗೀಚುತ್ತಿದ್ದರು.

ಇಂಥವರ ಹೆಂಡತಿ, ನಮ್ಮ ಚಿಕ್ಕಮ್ಮ, ಮತ್ತೆ ಬಸುರಿಯಾದರು. ಮೊದಲ ಮಗು ಉಳಿದಿರಲಿಲ್ಲ. ಹಾಗಾಗಿ ಎಂಟನೇ ತಿಂಗಳಿಂದಲೇ ಎಲ್ಲರ ಎದೆಯೂ ಡವಡವ. ಆಗಿನ ಜಯನಗರವೆಂದರೆ ಅಲ್ಲೊಂದು ಮನೆ, ಇಲ್ಲೊಂದು ಮನೆ, ನಡುವೆ ರಾಗಿ ಹೊಲ. ಜಟಕಾ ಬೇಕೆಂದರೆ ಒಂದು ಮೈಲಿ ನಡೆಯಬೇಕು. ಚಿಕ್ಕಪ್ಪ ಎರಡು ದಿನ ಊಟ ಬಿಟ್ಟು ಯೋಚಿಸಿದರು.

"ಬೇಕಾದಾಗ ಹುಡುಕೋದಾ, ಮೊದಲೇ ತಂದಿಟ್ಕೊಳ್ಳೋದಾ? ತಂದಿಟ್ಕೊಂಡ್ರೆ ರಗಳೆ ಜಾಸ್ತಿ, ಭಯ ಕಮ್ಮಿ. ರಗಳೆನೇ ಇರಲಿ!"

ಮರುದಿನ ಜಟಕಾ, ಕುದುರೆ, ಗಾಡಿ ಹೊಡೆಯುವ ಸಾಬರು, ಎಲ್ಲ ನಮ್ಮ ಕಾಂಪೌಂಡಿನೊಳಗೇ ಠಿಕಾಣಿ! ಕುದುರೆ ಚಿಕ್ಕಮ್ಮನ ಸೇವಂತಿಗೆ ಗಿಡಗಳನ್ನೆಲ್ಲ ತಿಂದು ಮುಗಿಸಿತು.

"ರೀ, ಬಾಣಂತನ ನನಗೆ ಮಾಡ್ತೀರೋ, ಇದಕ್ಕೋ?" ಎಂದರು ಚಿಕ್ಕಮ್ಮ.

ಅಷ್ಟಕ್ಕೇ ನಿಂತರೆ ಅವರು ನಮ್ಮ ಚಿಕ್ಕಪ್ಪ ಹೇಗಾದಾರು? ಪ್ರೋಗ್ರಾಂ ಬರೆದ ಮೇಲೆ ಟ್ರಯಲ್ ನೋಡಬೇಡವೇ? ರಜೆ ಹಾಕಿ ಕೂತು, ದಿನಾ ಮಧ್ಯಾಹ್ನ ಆಸ್ಪತ್ರೆಯವರೆಗೆ ಟ್ರಯಲ್. ಚಿಕ್ಕಮ್ಮನ ಜಾಗದಲ್ಲಿ ನಾನು, ಹೊಟ್ಟೆಗೆ ದಿಂಬು ಕಟ್ಟಿಕೊಂಡು! ಗಾಡಿ ಕುಲುಕಿದಲ್ಲೆಲ್ಲ "ನೋವಾಯ್ತೇನೋ?" ಎನ್ನುವರು.

"ಮಾನ ಹೋಯ್ತು, ಚಿಕ್ಕಪ್ಪ!"

ಆರನೆಯ ದಿನ ಆಸ್ಪತ್ರೆಯ ಗೇಟು ಮುಟ್ಟಿ, ವಾಚು ನೋಡಿ, "ಮೂರು ನಿಮಿಷ ಉಳೀತು ಕಣೋ!" ಎಂದು ಹಿಗ್ಗಿದರು. ವಾಪಸು ಬಂದರೆ ಮನೆ ಮುಂದೆ ಹೆಂಗಸರ ಗುಂಪು. ನಾವು ಹೊರಟ ಹಿಂದೆಯೇ ಚಿಕ್ಕಮ್ಮನಿಗೆ ನೋವು ಬಂದಿತ್ತು. ಗಾಡಿ ಎಲ್ಲಿ? ಗಾಡಿಯಲ್ಲಿ ದಿಂಬು ಕಟ್ಟಿಕೊಂಡ ನಾನು! ಎದುರುಮನೆಯ ಅಜ್ಜಿಯೇ ಹೆರಿಗೆ ಮಾಡಿಸಿದ್ದರು.

ಚಿಕ್ಕಪ್ಪ ಜಟಕಾದಿಂದ ಇಳಿಯಲೇ ಇಲ್ಲ. "ನೀನು ಹೋಗಿ ನೋಡೋ, ನನ್ನ ಕೈಲಾಗಲ್ಲ."

ಅಷ್ಟರಲ್ಲಿ ಒಳಗಿಂದ ಮಗುವಿನ ಅಳು ಕೇಳಿತು. ಚಿಕ್ಕಪ್ಪ ಮುಖ ಮುಚ್ಚಿಕೊಂಡು ಬಿಕ್ಕಿದರು. "ಹೋದ ಸಲ ಅವಳು ನೋವು ಅಂದ್ಲು ಕಣೋ. ಇನ್ನೂ ಟೈಮಿದೆ, ಇಷ್ಟು ಬೇಗ ಹೋಗಿ ಯಾಕೆ ರಗಳೆ ಅಂತ ನಾನೇ ತಡೆದೆ. ನಾನೇ."

ನನಗೆ ಅಳು ಬಂದುಬಿಟ್ಟಿತು. ಕೈಹಿಡಿದು ಒಳಗೆ ಕರೆದುಕೊಂಡು ಹೋದೆ. ಚಿಕ್ಕಮ್ಮ ಸುಸ್ತಾಗಿ ಮಲಗಿದ್ದರು, ಪಕ್ಕದಲ್ಲಿ ಕೆಂಪಗೆ ಒಂದು ಹೆಣ್ಣು ಮಗು. ಚಿಕ್ಕಪ್ಪ ಬಾಗಿಲಲ್ಲೇ ನಿಂತರು.

"ಬನ್ನಿ, ಎತ್ಕೊಳ್ಳಿ," ಎಂದರು ಚಿಕ್ಕಮ್ಮ. "ಹೋದ ಸಲದ್ದು ನಿಮ್ಮ ತಪ್ಪಲ್ಲ ರೀ. ಬೇಗ ಹೋಗಿದ್ರೂ ಉಳೀತಿರ್ಲಿಲ್ಲ ಅಂತ ಡಾಕ್ಟ್ರಮ್ಮ ಆವತ್ತೇ ಹೇಳಿದ್ರು. ನೀವು ಕೇಳೋಕೆ ಹೆದರ್ಕೊಂಡ್ರಿ, ನಾನು ಹೇಳೋಕೆ."