ಮೋಟಾರಿಗೆ ಮೂಗುದಾರ

ಗಂಗಾವತಿಯಲ್ಲಿ ನಮ್ಮ ಕಾಕಾನಂಥವರು ಒಬ್ಬರೇ ಇರುವುದು ಊರಿನ ಪುಣ್ಯ. ಇಬ್ಬರಿದ್ದರೆ ಒಂದು ಫ್ಯಾನೂ ಗಾಳಿ ಬೀಸುತ್ತಿರಲಿಲ್ಲ! ಎಲ್ಲಿ ಮೋಟಾರು ಕಂಡರೂ ಅದರ ವೇಗ ಇಳಿಸದೆ ಬಿಡುವ ಆಸಾಮಿಯಲ್ಲ. ಸ್ಕ್ರೂಡ್ರೈವರಿನ ಭಾರಕ್ಕೆ ಅವರ ಅಂಗಿಯ ಕಿಸೆ ಸದಾ ಹರಿದು ಜೋತಾಡುತ್ತಿರುತ್ತದೆ.

ಶುರುವಾದದ್ದು ಅವರ ಹೆಂಡತಿ, ನಮ್ಮ ಚಿಗವ್ವನ ಹೊಲಿಗೆ ಯಂತ್ರದಿಂದ. ಓಣಿಯ ಹೆಂಗಸರ ಖಣದ ಕುಬಸವೆಲ್ಲ ಅವಳೇ ಹೊಲಿಯಬೇಕು. ಮೊಣಕಾಲು ನೋವಿನಿಂದ ತುಳಿಯಲಾಗದಾಗ ಕಾಕಾ ಯಂತ್ರಕ್ಕೊಂದು ಮೋಟಾರು ಕೂಡಿಸಿದರು. ಗುಂಡಿ ಒತ್ತಿದ್ದೇ ತಡ, ಅದು ಭರ್ರನೆ ಓಡಿ ಸೂಜಿ ಅವಳ ಬೆರಳಿಗೇ ಇಳಿಯಿತು. ಅಂದು ಯಂತ್ರಕ್ಕೆ ಚಾದರ ಹೊದಿಸಿದವಳು ಮತ್ತೆ ಮುಟ್ಟಲಿಲ್ಲ. ದಿನವಿಡೀ ಸುಮ್ಮನೆ ಕಟ್ಟೆಯ ಮೇಲೆ ಕೂತಿರುತ್ತಿದ್ದಳು.

ಕಾಕಾ ಸುಮ್ಮನೆ ಕೂರಬೇಕಲ್ಲ! ಮೊದಲ ಬಲಿ ನಮ್ಮ ಟೇಬಲ್ ಫ್ಯಾನು. ಏನೋ ಸರ್ಕ್ಯೂಟ್ ಬೆಸೆದು ತಂದುಕೊಟ್ಟರು. ಅದರ ಸುತ್ತುಗಳನ್ನು ಕೂತು ಎಣಿಸಬಹುದಿತ್ತು.

"ಕಾಕಾ, ಗಾಳಿನ ಬರವಲ್ದಲ್ರಿ!"

"ಗಾಳಿ ಬಿಡವಾ, ಎಷ್ಟು ಸಾವಕಾಶ ತಿರಗತೈತಿ ನೋಡು!"

ಆಮೇಲೆ ನನ್ನ ಮಿಕ್ಸರ್. ಬೀಗರು ಊಟಕ್ಕೆ ಬಂದ ದಿನವೇ ಶೇಂಗಾ ಪುಡಿಯಾಗದೆ ಒಳಗೆ ಪ್ರದಕ್ಷಿಣೆ ಹಾಕತೊಡಗಿತು! ನನಗೆ ತಲೆ ಕೆಟ್ಟುಹೋಯಿತು. ಕಾಕಾ ಮಾತ್ರ ಪಾಠ ಶುರು ಮಾಡಿದರು: "ಕರೆಂಟ್ ಒಮ್ಮೆಲೆ ಕೊಟ್ರ ಮೋಟಾರು ಬೆದರಿದ ಹೋರಿ ಹಂಗ ಓಡತೈತಿ. ಈ ಸರ್ಕ್ಯೂಟ್ ಅದಕ್ಕ ಮೂಗುದಾರ. ಒಂದೀಟು ತಡದು, ಒಂದೀಟು ಬಿಡತೈತಿ." ತಿದ್ದಿ ಕೊಡುತ್ತೇನೆಂದು ಮಿಕ್ಸರ್ ಒಯ್ದವರು ವಾರವಾದರೂ ಪತ್ತೆಯಿಲ್ಲ. ಜಗಳಕ್ಕೆಂದೇ ಹೋದೆ.

"ನನ್ನ ಮಿಕ್ಸರ್ ಎಲ್ಲೈತ್ರಿ?"

"ಐತವಾ. ಮುಕ್ಕಾಲು ಐತಿ."

ಬಾಯಿಗೆ ಬಂದದ್ದನ್ನು ಅನ್ನಬೇಕು, ಅಷ್ಟರಲ್ಲಿ ಅವರ ಕೈ ಕಂಡಿತು. ನಾಲ್ಕು ಬೆರಳಿಗೂ ಪಟ್ಟಿ!

"ಇದೇನ್ರಿ ಕಾಕಾ?"

"ಸೂಜಿ ಚುಚ್ಚೇತಿ. ಆಕಿ ಬೆರಳಿಗೆ ಮತ್ತ ಹೋಗಬಾರದಲ್ಲ? ನಂದ ಇಟ್ಟು ನೋಡಿದೆ. ನಿನ್ನೆಯಿಂದ ಚುಚ್ಚಿಲ್ಲ."

ಕಟ್ಟೆಯ ಮೇಲಿಂದ ಇದನ್ನು ಕೇಳಿಸಿಕೊಂಡ ಚಿಗವ್ವ ಎದ್ದು ಬಂದು, ಅಳುಕುತ್ತಲೇ ಚಾದರ ಸರಿಸಿದಳು. ಯಂತ್ರದ ಪಕ್ಕದಲ್ಲಿ ನನ್ನ ಮಿಕ್ಸರಿನ ಗುಂಡಿ ಕೂತಿತ್ತು. ಒಂಚೂರು ತಿರುವಿದಳು. ಟಿಕ್... ಟಿಕ್... ಸೂಜಿ ಅವಳ ಕೈ ನೋಡಿಕೊಂಡೇ ಇಳಿಯುತ್ತಿತ್ತು.

ಚಿಗವ್ವ ಆ ಪಟ್ಟಿಗಳನ್ನು ನೋಡಿದಳು. ಆಮೇಲೆ ಗದರಿದಳು: "ಅಂಗಿ ಬಿಚ್ಚ್ರಿ. ಕಿಸೆ ಹರದು ಎಷ್ಟು ದಿನಾತು!"

ಬನಿಯನ್ನಿನಲ್ಲಿ ನಿಂತ ಕಾಕಾ ನೆಟ್ಟ ನೋಟದಿಂದ ಸೂಜಿಯನ್ನೇ ಕಾಯುತ್ತಿದ್ದರು. ನನ್ನ ಕಣ್ಣು ತುಂಬಿತು. ಮಿಕ್ಸರ್ ಕೇಳದೆ ಮನೆಗೆ ಬಂದು, ಶೇಂಗಾವನ್ನು ಒರಳಿಗೆ ಹಾಕಿ ಕುಟ್ಟಿದೆ.