ಬರೀ ಕೆಮ್ಮುವ ಗಂಡಸು

ನಮ್ಮ ಅತ್ತೆಯ ಮನೆಯಲ್ಲಿ ಒಬ್ಬ ಗಂಡಸಿದ್ದ. ಅವನಿಗೆ ಹಸಿವಿಲ್ಲ, ಸಿಟ್ಟಿಲ್ಲ, ಅವನ ಧೋತರ ಒಗೆಯುವ ಕಾಟವಿಲ್ಲ. ಒಂದು ಜೋಡು ಚಪ್ಪಲಿ, ಒಂದು ಕೆಮ್ಮು, ಅಷ್ಟೇ! ಇಂಥ ಗಂಡಸು ಯಾವ ಹೆಂಗಸಿಗೆ ಬೇಡ, ಹೇಳಿ?

ಅತ್ತೆ ಅಂದರೆ ನಮ್ಮ ಅಪ್ಪನ ತಂಗಿ. ನಿಜಾಮರ ಕಾಲ. ಬಸವಕಲ್ಯಾಣವನ್ನು ಆಗಿನ್ನೂ ಕಲ್ಯಾಣಿ ಎನ್ನುತ್ತಿದ್ದರು. ಮದುವೆಯಾಗಿ ಅಲ್ಲಿಗೆ ಹೋದ ಅತ್ತೆ ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡಳು. ಮಕ್ಕಳೂ ಇರಲಿಲ್ಲ. ಹುಮನಾಬಾದಿಗೆ ಬಾ ಎಂದು ಅಪ್ಪ ಕರೆದ. ರಾಜೇಶ್ವರಕ್ಕೆ ಬಂದು ನಮ್ಮ ಮನೆಯಲ್ಲಿರು ಎಂದು ಅವಳ ಭಾವ, ಅಂದರೆ ಗಂಡನ ಅಣ್ಣ, ಹೇಳಿ ಕಳಿಸಿದ. ಅತ್ತೆ ಎರಡೂ ಕಡೆ ಹೋಗಲಿಲ್ಲ. ತನ್ನ ಎರಡಂಕಣದ ಮನೆ, ಬಾಗಿಲ ಮುಂದಿನ ಬೇವಿನ ಗಿಡ, ಹಸಿದಾಗ ಉಂಡು ಬೇಸರವಾದಾಗ ಮಲಗುವ ಸುಖ, ಇವನ್ನು ಬಿಡುವುದಿಲ್ಲವೆಂದು ಹಟ ಹಿಡಿದಳು. ಆದರೆ ಗಂಡಸಿಲ್ಲದ ಮನೆಯಲ್ಲಿ ಹೆಂಗಸು ಒಬ್ಬಳೇ ಇರುವುದುಂಟೇ? ಕಳ್ಳರು, ಪುಂಡರು, ಮಾರಲು ಬರುವವರು ಸುಮ್ಮನಿರುತ್ತಾರೆಯೇ? ಅದಕ್ಕೇ ಒಬ್ಬ ಗಂಡಸನ್ನು ತಾನೇ ತಯಾರು ಮಾಡಿಕೊಂಡಳು.

ಕೆಮ್ಮು ಕಲಿತದ್ದು ನಾಲ್ಕು ದಿನಕ್ಕೆಂದು ಹುಮನಾಬಾದಿಗೆ ಬಂದಿದ್ದಾಗ, ನಮ್ಮ ಅಪ್ಪನಿಂದ.

"ಅಣ್ಣಾ, ಇನ್ನೊಮ್ಮೆ ಕೆಮ್ಮು."

"ಯಾಕವ್ವಾ? ನಾ ಆರಾಮ ಇದ್ದೀನಲ್ಲ!"

"ಇರ್ಲಿ, ಕೆಮ್ಮು. ಹೊರಗಿಂದ ಬಂದ ಕೂಡ್ಲೇ ಕೆಮ್ಮತೀಯಲ್ಲ, ಹಂಗ."

ತನಗೇನೋ ದೊಡ್ಡ ರೋಗ ಬಂದಿದೆ, ತಂಗಿ ಮುಚ್ಚಿಡುತ್ತಿದ್ದಾಳೆ ಎಂದು ಅಪ್ಪ ಹೆದರಿಬಿಟ್ಟ. ಅವಳು ಇದ್ದಷ್ಟು ದಿನವೂ ಮೊಸರು ಬಿಟ್ಟು ಶುಂಠಿ ಕಷಾಯ ಕುಡಿದ.

ಕಲ್ಯಾಣಿಗೆ ಮರಳಿದವಳೇ ಮೋಚಿಯ ಹತ್ತಿರ ಚಪ್ಪಲಿ ಹೊಲಿಸಲು ಹೋದಳು. ಯಾರ ಅಳತೆ ಎಂದು ಅವನು ಕೇಳಿದ್ದಕ್ಕೆ, "ನೋಡಿದವ್ರ ಎದಿ ಧಸಕ್ ಅನ್ನಬೇಕು, ಅಂಥ ಅಳತಿ" ಎಂದಳಂತೆ! ಬಾಗಿಲ ಮುಂದೆ ಬಿಟ್ಟ ಆ ಚಪ್ಪಲಿಗಳ ಜಾಗವನ್ನು ದಿನಾ ಬೆಳಗ್ಗೆ ಬದಲಿಸುತ್ತಿದ್ದಳು. ಮಳೆಗಾಲದಲ್ಲಿ ಅವಕ್ಕೆ ಕೆಸರು ಮೆತ್ತುತ್ತಿದ್ದಳು. ಇಟ್ಟಲ್ಲೇ ಇರುವ ಚಪ್ಪಲಿಯನ್ನು ಯಾರು ನಂಬುತ್ತಾರೆ?

ರಜೆಗೆ ಹೋದಾಗ ಅವಳ ಕಾರಭಾರವನ್ನು ನಾನೇ ಕಣ್ಣಾರೆ ಕಂಡೆ. ಹಾಲು ತೆಳ್ಳಗಾದರೆ ಅತ್ತೆ ಜಗಳವಾಡುತ್ತಿರಲಿಲ್ಲ. "ತಡಿಯಪಾ, ಒಳಗ ಕೇಳ್ಕೊಂಡ್ ಬರ್ತೀನಿ" ಎಂದು ಹಾಲಿನವನನ್ನು ನಿಲ್ಲಿಸಿ, ಒಳಗೆ ಹೋಗಿ ಒಂದು ಗಟ್ಟಿ ಕೆಮ್ಮು ಕೆಮ್ಮಿ ಬರುತ್ತಿದ್ದಳು. ಮರುದಿನ ಹಾಲಿನ ಮೇಲೆ ದಪ್ಪನೆಯ ಕೆನೆ! ಗಂಟಲು ಹರಿಯುವಂತೆ ಕೂಗಾಡಿದ್ದರೂ ಆ ಕೆನೆ ಬರುತ್ತಿರಲಿಲ್ಲ.

ಆದರೆ ಓಣಿಯವರಿಗೂ ಕಿವಿ ಇದ್ದವಲ್ಲ! ಅತ್ತೆಯ ಗಂಡ ಸತ್ತದ್ದು ಅವರಿಗೆ ಗೊತ್ತು. ಹಾಗಾದರೆ ಒಳಗೆ ಕೆಮ್ಮುವವನು ಯಾರು? ಹೀಗೆ ಮೊದಲು ಕೇಳಿದವಳು ಗೋಡೆಯಾಚೆಯ ಮುಸ್ಲಿಂ ಮನೆಯ ಹೆಂಗಸು; ಮುಡಬಿ, ನಾರಾಯಣಪುರ ಅಂತ ಊರೂರು ಬಳೆ ಮಾರುತ್ತ ತಿರುಗುವವನ ಹೆಂಡತಿ. ಓಣಿಯವರೆಲ್ಲ ಅವಳನ್ನು ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ಮಾತು ಬೆಳೆಯುತ್ತ ರಾಜೇಶ್ವರ ಮುಟ್ಟಿತು. ನೋಡಿ ನ್ಯಾಯ! ಮನೆಯಲ್ಲಿ ಗಂಡಸಿಲ್ಲದಿದ್ದರೆ ಮನೆ ಬಿಡು, ಗಂಡಸಿದ್ದರೂ ಮನೆ ಬಿಡು!

ನಾನು ಅಲ್ಲಿದ್ದಾಗಲೇ ಒಂದು ದಿನ ಭಾವ ಇಬ್ಬರು ಹಿರಿಯರನ್ನು ಗಾಡಿಯಲ್ಲಿ ಕೂಡಿಸಿಕೊಂಡು ಬಂದ. ಓಣಿಗೆ ಓಣಿಯೇ ಬಾಗಿಲಲ್ಲಿ ನೆರೆಯಿತು. ಭಾವನೆದುರು ನಿಲ್ಲಬಾರದಲ್ಲ, ಅತ್ತೆ ಕದದ ಹಿಂದೆ ಸರಿದು ನಿಂತಳು.

"ಏ, ಯಾವನ್ನ ಇಟ್ಕೊಂಡೀ ಒಳಗ? ಇವತ್ತೇ ಮನಿಗಿ ಕೀಲಿ ಹಾಕು, ಗಾಡಿ ಹತ್ತು!" ಎಂದು ಭಾವ ಗುಡುಗಿದ.

ಕದದ ಹಿಂದಿನಿಂದ ಕೆಮ್ಮು ಬಂತು. "ಖ್ಹೂಂ!"

ಭಾವನ ಕೈ ತಾನಾಗಿಯೇ ರುಮಾಲು ಸರಿಮಾಡಿಕೊಂಡಿತು. "ಯಾರ್ರಿ ಅವ್ರು? ಸ್ವಲ್ಪ ಹೊರಗ ಬರ್ರಿ... ಸಮಾಧಾನದಿಂದ ಮಾತಾಡೋಣ್ರಿ" ಎಂದ. ದನಿ ಬೆಣ್ಣೆಯಾಗಿತ್ತು!

ಹೊರಗೆ ಬಂದವಳು ಅತ್ತೆ. ಸೆರಗನ್ನು ಮೂಗಿನ ತನಕ ಎಳೆದುಕೊಂಡು, ಎಲ್ಲರೆದುರು ಮತ್ತೊಮ್ಮೆ ಕೆಮ್ಮಿದಳು. ಹಿರಿಯರಲ್ಲೊಬ್ಬರು ನಗು ತಡೆಯಲಾರದೆ ಕಂಬ ಹಿಡಿದುಕೊಂಡರು.

"ಭಾವಾರ, ನಾ ಮಾತಾಡಿದ್ರ ಯಾರೂ ಕೇಳಂಗಿಲ್ಲ. ಕೆಮ್ಮಿದ್ರ ನೀವೂ 'ರಿ' ಹಚ್ಚತೀರಿ. ನಾ ಏನ್ ಮಾಡ್ಲಿ ಹೇಳ್ರಿ?"

ಭಾವ ಒಂದು ತಂಬಿಗೆ ನೀರು ಕುಡಿದು, "ಇರವ್ವಾ, ಇಲ್ಲೇ ಇರು" ಎಂದು ಗಾಡಿ ಹತ್ತಿದ.

ಮನೆಯೇನೋ ಉಳಿಯಿತು. ಆದರೆ ಸಂಜೆಯೊಳಗೆ ಊರಿಗೆಲ್ಲ ಸುದ್ದಿ ಹರಡಿತ್ತು: ಆ ಮನೆಯಲ್ಲಿ ಯಾವ ಗಂಡಸೂ ಇಲ್ಲ! ದೀಪ ಹಚ್ಚುವ ಹೊತ್ತಾದರೂ ಅತ್ತೆ ಏಳಲಿಲ್ಲ. ಬಾಗಿಲಿಗೆ ಅಗಳಿ ಹಾಕಿ, ಅದಕ್ಕೇ ಬೆನ್ನು ಕೊಟ್ಟು ಕೂತಿದ್ದಳು.

"ಇನ್ನ ಯಾವ ಧೈರ್ಯದ ಮ್ಯಾಲ ಇರ್ಲಿ ನಾನು?" ಎಂದು ನನ್ನನ್ನು ಕೇಳಿದಳು. ಊರನ್ನೇ ಆಡಿಸಿದ ನಮ್ಮ ಅತ್ತೆ ಇಷ್ಟು ದಿನವೂ ಹೆದರಿಕೊಂಡೇ ಇದ್ದಳೆಂದು ನನಗೆ ಆಗಲೇ ತಿಳಿದದ್ದು.

ಅಷ್ಟರಲ್ಲಿ ಗೋಡೆಯಾಚೆಯಿಂದ ಒಂದು ಕೆಮ್ಮು ಬಂತು. ದಪ್ಪ ದನಿ, ಗಂಡಸಿನದೇ. ಅತ್ತೆ ಬೆಚ್ಚಿದಳು. ಬಳೆ ಮಾರುವವನು ಬೆಳಗ್ಗೆಯೇ ಮುಡಬಿಯ ದಾರಿ ಹಿಡಿದದ್ದನ್ನು ನಾವಿಬ್ಬರೂ ನೋಡಿದ್ದೆವು.

"ಖಾಲಾ, ಯಾರದು?"

ಇನ್ನೊಂದು ಕೆಮ್ಮು. ಅದರ ಹಿಂದೆಯೇ ಮೆಲ್ಲಗೆ ಖಾಲಾನ ದನಿ. "ನೀ ದೀಪ ಹಚ್ಚು ಬೇಟಿ. ನಾ ಕೆಮ್ಮಾಕತ್ತೇನಿ."

ಅತ್ತೆಗೆ ನಗು ಬಂತು. ನಗುತ್ತಲೇ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಅವಳು ಎದ್ದು ದೀಪ ಹಚ್ಚುವ ತನಕ ಖಾಲಾ ಕೆಮ್ಮುತ್ತಲೇ ಇದ್ದಳು.